ಜಿಎಂಪಿ ಸಿಂಥೆಟೇಸ್

ಜೀವಕೋಶದೊಳಗೆ ಗ್ವಾನೋಸಿನ್ ಮಾನೋಫಾಸ್ಫೇಟ್ (ಜಿಎಂಪಿ) ಎಂಬ ಪ್ಯೂರೀನ್ ನ್ಯೂಕ್ಲಿಯೋಟೈಡನ್ನು ತಯಾರಿಸುವ ಕೊನೆಯ ಹಂತದ ಕಿಣ್ವ. ಕ್ಸಾಂಥೋಸಿನ್ ಮಾನೋಫಾಸ್ಫೇಟಿಗೆ (ಎಕ್ಸ್‌ಎಂಪಿ) ಒಂದು ಅಮೈನೋ ಗುಂಪು ಜೋಡಿಸಿ ಅದನ್ನು ಜಿಎಂಪಿಯಾಗಿಸುವುದು ಇದರ ಕೆಲಸ. ಅಂತಾರಾಷ್ಟ್ರೀಯ ಕಿಣ್ವಪಟ್ಟಿಯಲ್ಲಿ ಇದರ ಸಂಖ್ಯೆ ಇಸಿ 6.3.5.2. ಮನುಷ್ಯನಲ್ಲಿ ಇದರ ಜೀನು 3ನೆಯ ವರ್ಣತಂತುವಿನ ಮೇಲಿದೆ. ಆ ಜೀನಿನಿಂದಾಗುವ ಪ್ರೋಟೀನು 693 ಅಮೈನೋ ಆಮ್ಲಗಳ ಸರಪಳಿ. ಇ. ಕೋಲೈ ಬ್ಯಾಕ್ಟೀರಿಯದಲ್ಲಿ ಈ ಸರಪಳಿಯ ಉದ್ದ 525. ಮಲೇರಿಯಾ ಪರಾವಲಂಬಿಯಲ್ಲಿ ಈ ಕಿಣ್ವ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಬಿಡಿಸಿ ತೋರಿಸಿದ ಸಂಶೋಧನೆಯಲ್ಲಿ ಬೆಂಗಳೂರಿನ ಪ್ರಯೋಗಾಲಯವೊಂದರ ಪಾಲು ದೊಡ್ಡದು. ಈ ಲೇಖನದ ಒಂದು ದೊಡ್ಡ ಭಾಗ ಆ ಕೆಲಸಕ್ಕೇ ಮೀಸಲು.

ಪ್ಯೂರೀನ್: ಹೆಸರು ಮತ್ತು ನೆಂಟಸ್ತನ

ಪ್ಯೂರೀನ್ ಎಂಬ ಮಾತು ಪರಿಚಯವಿಲ್ಲದವರಿಗೂ ಆ ವಸ್ತುವಿನ ಪರಿಚಯ ಇದ್ದೇ ಇರುತ್ತದೆ. ಕಾಲಿನ ಹೆಬ್ಬೆರಳು ಊದಿಕೊಂಡು ನೋಯುತ್ತದೆಂದು ರಾಜಾಜಿನಗರದಲ್ಲೋ ವಿಜಯನಗರದಲ್ಲೋ ರಕ್ತ ಪರೀಕ್ಷೆಗೆ ಕೊಟ್ಟವರು ವರದಿಯಲ್ಲಿ ಮೊದಲು ಹುಡುಕುವುದು ‘ಯೂರಿಕ್ ಆಸಿಡ್’ ಎಂಬ ಸಾಲನ್ನು. ಮೈಯೊಳಗಿನ ಪ್ಯೂರೀನುಗಳೆಲ್ಲ ಒಡೆದು ಕೊನೆಗೆ ಉಳಿಯುವುದು ಈ ಯೂರಿಕ್ ಆಮ್ಲವೇ. ಡೆಸಿಲೀಟರ್ ರಕ್ತದಲ್ಲಿ ಅದು ಸುಮಾರು 6.8 ಮಿಲಿಗ್ರಾಮಿಗಿಂತ ಹೆಚ್ಚಾದರೆ ಕರಗಿ ಉಳಿಯಲಾರದೆ ಕೀಲುಗಳಲ್ಲಿ ಸೂಜಿಯಂತಹ ಹರಳುಗಟ್ಟಬಹುದು. ಬೆಳಗಿನ ಫಿಲ್ಟರ್ ಕಾಫಿಯ ಕೆಫೀನ್ ಕೂಡ ಪ್ಯೂರೀನೇ. ದೇಶದ ಕಾಫಿಯಲ್ಲಿ ಶೇಕಡ 70ರಷ್ಟು ಬೆಳೆಯುವುದು ನಮ್ಮ ಚಿಕ್ಕಮಗಳೂರು, ಕೊಡಗು, ಹಾಸನಗಳಲ್ಲಿ. ಆ ಗಿಡದ ಎಳೆ ಎಲೆಯಲ್ಲೂ ಕಾಯಿಯಲ್ಲೂ ಕೆಫೀನ್ ತಯಾರಾಗುವುದಕ್ಕೆ ಮೂಲವಸ್ತು ಕ್ಸಾಂಥೋಸಿನ್. ಗಿಡ ಅದನ್ನು ಪಡೆಯುವ ದಾರಿಗಳಲ್ಲಿ ಒಂದು ಎಕ್ಸ್‌ಎಂಪಿಯಿಂದ ಹೊರಡುತ್ತದೆ. ಎಂದರೆ, ಈ ಕಿಣ್ವ ಯಾವ ಕಚ್ಚಾವಸ್ತುವನ್ನು ಜಿಎಂಪಿಯಾಗಿಸುತ್ತದೋ ಅದರದೇ ಒಂದು ಪಾಲನ್ನು ಕಾಫಿ ಗಿಡ ಪಕ್ಕದ ಹಾದಿಗೆ ತಿರುಗಿಸಿಕೊಳ್ಳುತ್ತದೆ.

ಪ್ಯೂರೀನುಗಳ ಚರಿತ್ರೆ ಆರಂಭವಾದದ್ದು ಮೂತ್ರಕೋಶದ ಕಲ್ಲುಗಳಿಂದ. ಸ್ವೀಡನ್ನಿನ ಶೀಲೆ 1776ರಲ್ಲಿ ಯೂರಿಕ್ ಆಮ್ಲವನ್ನೂ ಅಲೆಕ್ಸಾಂಡರ್ ಮಾರ್ಸೆ 1817ರಲ್ಲಿ ಕ್ಸಾಂಥೀನನ್ನೂ ಇಂತಹ ಕಲ್ಲುಗಳಿಂದ ಬೇರ್ಪಡಿಸಿದರು. ಜರ್ಮನಿಯ ಉಂಗರ್ 1844ರಲ್ಲಿ ‘ಗ್ವಾನೋ’ ಎಂಬ ಹಕ್ಕಿಹಿಕ್ಕೆಯ ಗೊಬ್ಬರದಿಂದ ಬೇರ್ಪಡಿಸಿದ ವಸ್ತುವಿಗೆ ಗ್ವಾನಿನ್ ಎಂದೇ ಹೆಸರಾಯಿತು. ಇವೆಲ್ಲ ಒಂದೇ ಮನೆತನದವು ಎಂದು ಕಂಡುಕೊಂಡು 1884ರಲ್ಲಿ ಪ್ಯೂರೀನ್ ಎಂಬ ಹೆಸರಿಟ್ಟವರು ಎಮಿಲ್ ಫಿಶರ್. ಅವರಿಗೆ 1902ರ ರಸಾಯನಶಾಸ್ತ್ರದ ನೊಬೆಲ್ ಸಂದಿತು.

ಜಿಎಂಪಿಗೆ ಇನ್ನೆರಡು ಫಾಸ್ಫೇಟ್ ಸೇರಿದರೆ ಜಿಟಿಪಿ. ಪ್ರೋಟೀನು ಹೆಣೆಯುವಾಗ ರೈಬೋಸೋಮಿನ ಪ್ರತಿ ಹೆಜ್ಜೆಗೂ ಜಿಟಿಪಿ ಬೇಕು. ಕೋಶ ಒಡೆದು ಎರಡಾಗುವಾಗ ವರ್ಣತಂತುಗಳನ್ನು ಎಳೆಯುವ ನಾಳಗಳ ಜೋಡಣೆಗೂ ಅದೇ ಬೇಕು. ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಒಂದಾದ ‘ಜಿ’ ಬರುವುದು ಇದೇ ಮೂಲದಿಂದ. ಬೆಳಕು ಬಿದ್ದಾಗ ಕಣ್ಣಿನ ರೆಟಿನಾ ಕೊಡುವ ಸೂಚನೆಗೆ ಬೇಕಾದ ಚಕ್ರೀಯ ಜಿಎಂಪಿಯೂ ಇದರ ಕುಡಿಯೇ.

ಕವಲಿನಲ್ಲಿ ನಿಂತ ಕಿಣ್ವ

ಜೀವಕೋಶಕ್ಕೆ ಪ್ಯೂರೀನ್ ನ್ಯೂಕ್ಲಿಯೋಟೈಡು ದೊರೆಯುವುದು ಎರಡು ಬಗೆಯಲ್ಲಿ. ಸಣ್ಣಪುಟ್ಟ ಕಚ್ಚಾವಸ್ತುಗಳಿಂದ ಬುಡದಿಂದ ಕಟ್ಟುವುದು ಒಂದು. ಹಳೆಯದು ಒಡೆದಾಗ ಉಳಿದ ತುಂಡುಗಳನ್ನು ಆಯ್ದು ಮತ್ತೆ ಬಳಸುವುದು ಇನ್ನೊಂದು. ಮೊದಲನೆಯ ದಾರಿಯ ನಕ್ಷೆ ಸಿದ್ಧವಾದದ್ದು 1940 ಮತ್ತು 50ರ ದಶಕಗಳಲ್ಲಿ, ಅಮೆರಿಕದ ಜಾನ್ ಬುಕಾನನ್ ಮತ್ತು ಜಿ. ರಾಬರ್ಟ್ ಗ್ರೀನ್‌ಬರ್ಗ್ ಅವರ ತಂಡಗಳಿಂದ. ಹಕ್ಕಿಗಳು ಬೇಡದ ಸಾರಜನಕವನ್ನು ಯೂರಿಕ್ ಆಮ್ಲದ ರೂಪದಲ್ಲೇ ಹೊರಹಾಕುವುದರಿಂದ ಪಾರಿವಾಳವೇ ಪ್ರಯೋಗಪಶುವಾಯಿತು. ಗುರುತು ಹಾಕಿದ ಪರಮಾಣುಗಳನ್ನು ಪಾರಿವಾಳಕ್ಕೆ ತಿನ್ನಿಸಿ, ಅದರ ಹಿಕ್ಕೆಯ ಯೂರಿಕ್ ಆಮ್ಲದಲ್ಲಿ ಆ ಗುರುತು ಎಲ್ಲಿ ಕುಳಿತಿದೆ ಎಂದು ನೋಡಿದರು. ಗ್ಲೈಸಿನ್, ಆಸ್ಪಾರ್ಟೇಟ್, ಗ್ಲುಟಮಿನ್, ಫಾರ್ಮೇಟ್, ಇಂಗಾಲದ ಡೈಆಕ್ಸೈಡ್ ಇಷ್ಟೇ ಸೇರಿ ಪ್ಯೂರೀನಿನ ಉಂಗುರ ಕಟ್ಟಿಕೊಳ್ಳುತ್ತದೆ ಎಂಬುದು ಹೀಗೆ ತಿಳಿದದ್ದು.

ಸಕ್ಕರೆ ಫಾಸ್ಫೇಟೊಂದರ ಮೇಲೆ ಹತ್ತು ಹಂತಗಳಲ್ಲಿ ಈ ಉಂಗುರ ಪೂರ್ತಿಯಾದಾಗ ಐನೋಸಿನ್ ಮಾನೋಫಾಸ್ಫೇಟ್ (ಐಎಂಪಿ) ಸಿದ್ಧ. ಅಲ್ಲಿ ದಾರಿ ಕವಲೊಡೆಯುತ್ತದೆ. ಒಂದು ಕವಲು ಅಡೆನೋಸಿನ್ ಮಾನೋಫಾಸ್ಫೇಟಿನ (ಎಎಂಪಿ) ಕಡೆಗೆ, ಇನ್ನೊಂದು ಜಿಎಂಪಿಯ ಕಡೆಗೆ; ಎರಡರಲ್ಲೂ ಎರಡೆರಡು ಹೆಜ್ಜೆ. ಜಿಎಂಪಿಯ ಕವಲಿನಲ್ಲಿ ಐಎಂಪಿ ಡಿಹೈಡ್ರೋಜಿನೇಸ್ ಎಂಬ ಕಿಣ್ವ ಐಎಂಪಿಯನ್ನು ಎಕ್ಸ್‌ಎಂಪಿ ಮಾಡುತ್ತದೆ. ಜಿಎಂಪಿ ಸಿಂಥೆಟೇಸ್ ಅದನ್ನು ಜಿಎಂಪಿಗೆ ಮುಟ್ಟಿಸುತ್ತದೆ. ಎಎಂಪಿ ಮಾಡುವುದಕ್ಕೆ ಖರ್ಚಾಗುವುದು ಜಿಟಿಪಿ, ಜಿಎಂಪಿ ಮಾಡುವುದಕ್ಕೆ ಖರ್ಚಾಗುವುದು ಎಟಿಪಿ, ಎಂದರೆ ಇನ್ನೆರಡು ಫಾಸ್ಫೇಟ್ ಸೇರಿದ ಎಎಂಪಿ. ನಮ್ಮ ಹಳ್ಳಿಗಳ ಮುಯ್ಯಾಳು ಪದ್ಧತಿಯನ್ನು ಕಂಡವರಿಗೆ ಇದು ಕೂಡಲೇ ಅರ್ಥವಾಗುತ್ತದೆ: ನಿಮ್ಮ ಹೊಲದ ಕಳೆಗೆ ನಮ್ಮ ಮನೆಯ ಆಳು, ನಮ್ಮ ಹೊಲದ ಕಳೆಗೆ ನಿಮ್ಮ ಮನೆಯ ಆಳು. ಒಂದು ಬದಿ ಹೆಚ್ಚಾದರೆ ಅದರಿಂದಲೇ ಇನ್ನೊಂದು ಬದಿಯ ಕೆಲಸ ಸಾಗುತ್ತದೆ. ಎಎಂಪಿ, ಜಿಎಂಪಿಗಳ ಸಮತೋಲಕ್ಕೆ ಇದು ಒಂದು ಆಧಾರ.

1950ರ ದಶಕದಲ್ಲೇ ಜಿಎಂಪಿ ಸಿಂಥೆಟೇಸ್ ಎರಡು ಬೇರೆ ಬೇರೆ ಜೀವಿಗಳಲ್ಲಿ ಗುರುತಿಗೆ ಬಂತು. ಬ್ಯಾಕ್ಟೀರಿಯದಲ್ಲಿ ಅದನ್ನು ವಿವರಿಸಿದವರು ಮೊಯೆಡ್ ಮತ್ತು ಬೋರಿಸ್ ಮಗಸಾನಿಕ್ (1957), ಪಾರಿವಾಳದ ಯಕೃತ್ತಿನಲ್ಲಿ ಉಲ್ಫ್ ಲಾಗರ್‌ಕ್ವಿಸ್ಟ್ (1958).

ಒಂದೇ ಕಿಣ್ವ, ಎರಡು ಕೋಣೆ

ಕ್ರಿಯೆಯನ್ನು ಬರೆದರೆ ಒಂದು ಸಾಲು: ಎಕ್ಸ್‌ಎಂಪಿ, ಎಟಿಪಿ, ಗ್ಲುಟಮಿನ್ ಮತ್ತು ನೀರು ಒಳಗೆ, ಜಿಎಂಪಿ, ಎಎಂಪಿ, ಪೈರೋಫಾಸ್ಫೇಟ್ ಮತ್ತು ಗ್ಲುಟಮೇಟ್ ಹೊರಗೆ. ಆದರೆ ಈ ಒಂದು ಸಾಲಿನಲ್ಲಿ ಎರಡು ಕೆಲಸಗಳಿವೆ, ಅವು ನಡೆಯುವ ಜಾಗಗಳೂ ಎರಡು. ಗ್ಲುಟಮಿನನ್ನು ಒಡೆದು ಅಮೋನಿಯಾ ಬಿಡಿಸುವುದು ಮೊದಲನೆಯ ಕೋಣೆಯಲ್ಲಿ. ಸಿಸ್ಟೀನ್, ಹಿಸ್ಟಿಡಿನ್, ಗ್ಲುಟಮೇಟ್ ಎಂಬ ಮೂರು ಅಮೈನೋ ಆಮ್ಲಗಳು ಕೈಗೂಡಿಸಿ ಈ ಕೆಲಸ ಮಾಡುತ್ತವೆ. ಎರಡನೆಯ ಕೋಣೆಯಲ್ಲಿ ಎಟಿಪಿ ತನ್ನ ಎಎಂಪಿ ಭಾಗವನ್ನು ಎಕ್ಸ್‌ಎಂಪಿಯ ಒಂದು ಆಕ್ಸಿಜನ್ನಿಗೆ ಅಂಟಿಸಿ ಅದನ್ನು ಸಜ್ಜುಗೊಳಿಸುತ್ತದೆ. ಅಮೋನಿಯಾ ಬಂದು ಆ ಆಕ್ಸಿಜನ್ನಿನ ಜಾಗದಲ್ಲಿ ಕುಳಿತರೆ ಜಿಎಂಪಿ ಸಿದ್ಧ.

ಅಮೋನಿಯಾ ದಾರಿಯಲ್ಲಿ ಹೊರಗಿನ ನೀರಿಗೆ ಸಿಕ್ಕಿದರೆ ಪ್ರೋಟಾನ್ ಹಿಡಿದು ಅಮೋನಿಯಂ ಆಗಿಬಿಡುತ್ತದೆ. ಆಮೇಲೆ ಅದರಿಂದ ಈ ಕೆಲಸ ಸಾಗದು. ಆದ್ದರಿಂದ ಒಂದು ಕೋಣೆಯಲ್ಲಿ ಹುಟ್ಟಿದ್ದು ಸೋರದೆ ಇನ್ನೊಂದು ಕೋಣೆಗೆ ತಲುಪಬೇಕು. ಜೊತೆಗೆ, ಎರಡನೆಯ ಕೋಣೆ ಸಜ್ಜಾಗುವ ಮೊದಲೇ ಮೊದಲನೆಯದು ಗ್ಲುಟಮಿನ್ ಒಡೆಯಲು ಕೂತರೆ ಕೋಶಕ್ಕೆ ನಷ್ಟ.

ಬೆಂಗಳೂರಿನ ಅಂಚಿನ ಕೆಂಗೇರಿ, ಉಲ್ಲಾಳು, ಮಲ್ಲತ್ತಹಳ್ಳಿಗಳು ಬಡಾವಣೆಗಳಾಗುವ ಮೊದಲು ಅಲ್ಲಿನ ಕೆರೆಗಳ ಕೆಳಗೆ ಗದ್ದೆಗಳಿದ್ದ ಕಾಲವನ್ನು ನೆನೆಯಬಹುದು. ಕೆರೆಯ ನೀರು ಏರಿ ದಾಟಿ ಗದ್ದೆಗೆ ಹೋಗುವುದು ತೂಬಿನಿಂದ. ಗದ್ದೆ ಹದವಾಗಿದೆ ಎಂದು ತಿಳಿದ ಮೇಲೆ ನೀರುಗಂಟಿ ತೂಬು ಎತ್ತುತ್ತಾನೆ. ಜಿಎಂಪಿ ಸಿಂಥೆಟೇಸಿನ ರಹಸ್ಯವೂ ಇವೇ ಎರಡು ಪ್ರಶ್ನೆಗಳಲ್ಲಿತ್ತು: ಇಲ್ಲಿ ತೂಬು ಎಲ್ಲಿದೆ? ನೀರುಗಂಟಿ ಯಾರು?

ಮೊದಲ ಉತ್ತರಕ್ಕೆ ಕ್ಷ-ಕಿರಣಗಳ ನೆರವು ಬೇಕಾಯಿತು. ಅಮೆರಿಕದಲ್ಲಿ ಜಾನೆಟ್ ಸ್ಮಿತ್ ಅವರ ತಂಡ 1996ರಲ್ಲಿ ಇ. ಕೋಲೈ ಕಿಣ್ವದ ಸ್ಫಟಿಕ ರಚನೆಯನ್ನು ಪ್ರಕಟಿಸಿತು. ಎರಡೂ ಕೋಣೆಗಳು ಸ್ಪಷ್ಟವಾಗಿ ಕಂಡವು. ನಡುವಿನ ಅಂತರ ಸುಮಾರು 30 ಆಂಗ್‌ಸ್ಟ್ರಾಮ್. ಒಂದು ಆಂಗ್‌ಸ್ಟ್ರಾಮ್ ಎಂದರೆ ಮಿಲಿಮೀಟರಿನ ಕೋಟಿಯಲ್ಲಿ ಒಂದು ಪಾಲು. ಅಮೋನಿಯಾದ ಅಣುವಿಗೆ 30 ಆಂಗ್‌ಸ್ಟ್ರಾಮ್ ದೂರದ ಪಯಣವೇ. ಆದರೆ ನಡುವೆ ತೂಬು ಕಾಣಲಿಲ್ಲ. ಇದೇ ಬಗೆಯ ಬೇರೆ ಕಿಣ್ವಗಳಲ್ಲಿ ಒಳಸುರಂಗ ಕಂಡುಬಂದಿದ್ದರೂ ಇದರಲ್ಲಿ ಕೋಣೆಗಳು ಹೊರಗಿನ ನೀರಿಗೆ ತೆರೆದುಕೊಂಡಿದ್ದವು. ಕಿಣ್ವ ಕೆಲಸ ಮಾಡುವಾಗ ಬೇರೆ ಭಂಗಿಗೆ ಬರುತ್ತಿರಬೇಕು ಎಂಬ ಊಹೆ ಆಗಲೇ ಹುಟ್ಟಿತು. ಆ ಭಂಗಿ ಕಣ್ಣಿಗೆ ಬೀಳಲು ಮುಂದೆ ಹತ್ತೊಂಬತ್ತು ವರ್ಷ ಹಿಡಿಯಿತು.

ಪರಾವಲಂಬಿಯ ಹಸಿವು

ಆ ಭಂಗಿ ಸಿಕ್ಕಿದ್ದು ಮಲೇರಿಯಾ ರೋಗಾಣುವಿನ ಕಿಣ್ವದಲ್ಲಿ. ಇದಕ್ಕೆ ಹಿನ್ನೆಲೆಯಿದೆ.

ಬೆಂಗಳೂರಿಗೂ ಮಲೇರಿಯಾ ವಿಜ್ಞಾನಕ್ಕೂ ನಂಟು ಹಳೆಯದು. ರೊನಾಲ್ಡ್ ರಾಸ್ 1883ರಲ್ಲಿ ಇಲ್ಲಿ ಸೇನೆಯ ವೈದ್ಯರಾಗಿದ್ದಾಗ, ತಮ್ಮ ಬಂಗಲೆಯ ಹೊರಗಿನ ನೀರಿನ ತೊಟ್ಟಿಯಲ್ಲಿ ಸೊಳ್ಳೆಮರಿಗಳನ್ನು ಕಂಡು, ತೊಟ್ಟಿ ಬರಿದು ಮಾಡಿದರೆ ಸೊಳ್ಳೆಕಾಟ ತಗ್ಗುತ್ತದೆ ಎಂದು ಕಂಡುಕೊಂಡರು. ಸೊಳ್ಳೆಯೊಳಗೆ ರೋಗಾಣುವನ್ನು ಅವರು ಕಂಡದ್ದು 1897ರಲ್ಲಿ ಸಿಕಂದರಾಬಾದಿನಲ್ಲಿ. ನಗರಗಳ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆಯ ಒಂದು ಒಳಬಗೆಗೆ ‘ಮೈಸೊರೆನ್ಸಿಸ್’ ಎಂಬ ಹೆಸರಿದೆ. ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡಿದ ಸ್ವೀಟ್ ಮತ್ತು ರಾವ್ 1937ರಲ್ಲಿ ಸೊಳ್ಳೆಯ ಮೊಟ್ಟೆಗಳ ವ್ಯತ್ಯಾಸ ನೋಡಿ ಅದನ್ನು ಗುರುತಿಸಿದರು. ಮಲೆನಾಡಿನ ಹಿರಿಯರ ಬಾಯಲ್ಲಿ ‘ಚಳಿಜ್ವರ’ ಇಂದಿಗೂ ಭಯದ ಮಾತು. ಈಚಿನ ದಶಕಗಳಲ್ಲಿ ರಾಜ್ಯದ ಮಲೇರಿಯಾದ ಭಾರವನ್ನು ಹೆಚ್ಚಾಗಿ ಹೊತ್ತ ಊರು ಮಂಗಳೂರು.

ಮಲೇರಿಯಾ ಪರಾವಲಂಬಿಗಳಲ್ಲೊಂದಾದ ಪ್ಲಾಸ್ಮೋಡಿಯಂ ಫಾಲ್ಸಿಪಾರಂ ಮನುಷ್ಯನ ಕೆಂಪು ರಕ್ತಕಣದೊಳಗೆ ಹೊಕ್ಕು 48 ಗಂಟೆಗಳಲ್ಲಿ 16ರಿಂದ 32 ಮರಿಗಳಾಗಿ ಒಡೆದು ಹೊರಬರುತ್ತದೆ. ಪ್ರತಿ ಮರಿಗೂ ಒಂದು ಪೂರ್ತಿ ಡಿಎನ್‌ಎ ಪ್ರತಿ ಬೇಕು. ಇದರ ಜೀನೋಮಿನ ಉದ್ದ ಸುಮಾರು 2.3 ಕೋಟಿ ಅಕ್ಷರಜೋಡಿಗಳು, ಶೇಕಡ 80ಕ್ಕೂ ಹೆಚ್ಚು ಎ-ಟಿ ಜೋಡಿಗಳೇ. ಉಳಿದ ಜಿ-ಸಿ ಜೋಡಿಗಳನ್ನಷ್ಟೇ ಎಣಿಸಿದರೂ ಒಂದು ಪ್ರತಿಗೆ 44 ಲಕ್ಷದಷ್ಟು ‘ಜಿ’ ಬೇಕು, ಹದಿನಾರು ಮರಿಗಳಿಗೆ ಸುಮಾರು ಏಳು ಕೋಟಿ. ಆರ್‌ಎನ್‌ಎಗೂ ಪ್ರೋಟೀನು ತಯಾರಿಗೂ ಬೇಕಾದದ್ದು ಇದರ ಹೊರತು.

ಇಷ್ಟು ಹಸಿವಿದ್ದರೂ ಈ ಜೀವಿಗೆ ಪ್ಯೂರೀನಿನ ಉಂಗುರವನ್ನು ಬುಡದಿಂದ ಕಟ್ಟಲು ಬರುವುದಿಲ್ಲ. ಆ ಹತ್ತು ಹಂತಗಳ ಕಿಣ್ವಗಳು ಅದರಲ್ಲಿಲ್ಲ. ಇನ್ನೊಂದು ಮನೆತನವಾದ ಪಿರಿಮಿಡಿನನ್ನು ತಾನೇ ಮಾಡಿಕೊಳ್ಳುತ್ತದೆ, ಪ್ಯೂರೀನನ್ನು ಮಾತ್ರ ನಮ್ಮ ರಕ್ತದಿಂದ ಎತ್ತಿಕೊಳ್ಳುತ್ತದೆ. ಮುಖ್ಯವಾಗಿ ಹೈಪೊಕ್ಸಾಂಥೀನನ್ನು ಒಳಗೆಳೆದು ಐಎಂಪಿ ಮಾಡಿಕೊಂಡು, ಅಲ್ಲಿಂದ ಎಎಂಪಿ, ಜಿಎಂಪಿಗಳ ಕವಲು ಹಿಡಿಯುತ್ತದೆ. ನಮ್ಮ ಕೋಶಗಳಿಗೆ ಎರಡು ದಾರಿಗಳಿವೆ, ಅದಕ್ಕೆ ಒಂದೇ. ಮಲೇರಿಯಾ ಔಷಧ ಹುಡುಕುವವರ ಕಣ್ಣು ಈ ದಾರಿಯ ಕಿಣ್ವಗಳ ಮೇಲೆ ಬಿದ್ದದ್ದು ಅದಕ್ಕಾಗಿ. ಆದರೆ ಗ್ವಾನಿನ್ ನೇರವಾಗಿ ಸಿಕ್ಕಿದರೆ ಪರಾವಲಂಬಿ ಅದರಿಂದಲೂ ಜಿಎಂಪಿ ಮಾಡಿಕೊಳ್ಳಬಲ್ಲದು. ಈ ಪಕ್ಕದಾರಿಯನ್ನು ಮರೆತು ಲೆಕ್ಕ ಹಾಕುವಂತಿಲ್ಲ.

ಜಕ್ಕೂರಿನ ಕೆಲಸ

ಕೆಂಗೇರಿಯಿಂದ ಹೊರಟರೆ ಬೆಂಗಳೂರನ್ನು ಅಡ್ಡಲಾಗಿ ದಾಟಿ ಈಶಾನ್ಯ ದಿಕ್ಕಿಗೆ ಹೋದಾಗ ಜಕ್ಕೂರು. ಅಲ್ಲಿರುವುದು 1989ರಲ್ಲಿ ನೆಹರೂ ಜನ್ಮಶತಾಬ್ದಿಯ ನೆನಪಿಗೆ ಸ್ಥಾಪನೆಯಾದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ, ಸಿ.ಎನ್.ಆರ್. ರಾವ್ ಅದರ ಮೊದಲ ಅಧ್ಯಕ್ಷರು. ಅಲ್ಲಿ ಹೇಮಲತಾ ಬಲರಾಂ ಅವರ ಪ್ರಯೋಗಾಲಯ ದಶಕಗಳಿಂದ ಮಲೇರಿಯಾ ಪರಾವಲಂಬಿಯ ಪ್ಯೂರೀನ್ ಕಿಣ್ವಗಳನ್ನು ಒಂದೊಂದಾಗಿ ಎತ್ತಿಕೊಂಡು ಅಧ್ಯಯನ ಮಾಡಿದೆ. ಎಎಂಪಿಯ ಕವಲಿನಲ್ಲಿರುವ ಅಡೆನೈಲೋಸಕ್ಸಿನೇಟ್ ಸಿಂಥೆಟೇಸಿನ ರಚನೆ 2004ರಲ್ಲಿ ಪ್ರಕಟವಾಯಿತು. ರಾಜಾಜಿನಗರ, ಮಲ್ಲೇಶ್ವರದವರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಆರ್.ಎನ್. ಮೂರ್ತಿ ಅದರಲ್ಲಿ ಜೊತೆಗಿದ್ದರು. ಒಂದು ದಾರಿಯನ್ನು ಹಿಡಿದು ಅದರ ಪ್ರತಿ ಮೆಟ್ಟಿಲನ್ನೂ ಇಷ್ಟು ವರ್ಷ ಕಾದು ನೋಡುವ ತಾಳ್ಮೆ ಅಪರೂಪ. ಇಂತಹ ಕೆಲಸ ದಿನಪತ್ರಿಕೆಯ ಮುಖಪುಟಕ್ಕೆ ಬರುವುದಿಲ್ಲ. ಬಂದಿದ್ದರೆ ನಮ್ಮ ಹೈಸ್ಕೂಲು ಮಕ್ಕಳಿಗೆ ಒಳ್ಳೆಯದಾಗುತ್ತಿತ್ತು.

ಫಾಲ್ಸಿಪಾರಂನ ಜಿಎಂಪಿ ಸಿಂಥೆಟೇಸಿನ ವೇಗ, ಗುಣಗಳ ಮೊದಲ ವಿವರ ಈ ತಂಡದಿಂದ ಬಂದದ್ದು 2008ರಲ್ಲಿ. ಗ್ಲುಟಮಿನ್ ಕೋಣೆ ತಾನಾಗಿ ಹೆಚ್ಚುಕಡಿಮೆ ಸುಮ್ಮನಿರುತ್ತದೆ. ಪಕ್ಕದ ಕೋಣೆಯಲ್ಲಿ ಎಕ್ಸ್‌ಎಂಪಿಯೂ ಎಟಿಪಿಯೂ ಕುಳಿತ ಮೇಲೆ ಮಾತ್ರ ಅದು ಚುರುಕಾಗುತ್ತದೆ. ಗದ್ದೆ ಹದವಾದದ್ದು ತೂಬಿಗೆ ತಿಳಿಯುತ್ತದೆ. ಹೇಗೆ ತಿಳಿಯುತ್ತದೆ?

ಫ್ರಾನ್ಸಿನ ಲಿಯಾನ್ ನಗರದ ನೂಶಿನ್ ಅಘಜಾರಿ ಅವರ ತಂಡದೊಂದಿಗೆ ಸೇರಿ ಮಾಡಿದ ಕೆಲಸ 2015ರಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಬರಿಯ ಕಿಣ್ವದ ಸ್ಫಟಿಕ, ಎಕ್ಸ್‌ಎಂಪಿ ಕೂಡಿದ ಸ್ಫಟಿಕ, ಇವೆರಡರ ಜೊತೆಗೆ ಮೂರನೆಯದೊಂದನ್ನು ಉಪಾಯವಾಗಿ ಬೆಳೆಸಿದರು. ಗ್ಲುಟಮಿನನ್ನು ಒಡೆಯುವುದು ಸರಪಳಿಯ 89ನೆಯ ಸ್ಥಾನದ ಸಿಸ್ಟೀನ್. ಅದರ ಜಾಗಕ್ಕೆ ಅಲನಿನ್ ಎಂಬ ಸಾಧುವಾದ ಅಮೈನೋ ಆಮ್ಲವನ್ನು ಕೂರಿಸಿದರು. ಈಗ ಗ್ಲುಟಮಿನ್ ಬಂದು ಕೂರುತ್ತದೆ, ಒಡೆಯುವುದಿಲ್ಲ. ಕ್ರಿಯೆಯ ನಡುವೆ ಉಸಿರು ಹಿಡಿದು ನಿಂತ ಕಿಣ್ವ ಸ್ಫಟಿಕದಲ್ಲಿ ಸಿಕ್ಕಿತು.

ಆ ಸ್ಫಟಿಕದಲ್ಲಿ ಗ್ಲುಟಮಿನ್ ಕೋಣೆಯಿರುವ ಇಡೀ ಭಾಗ 85 ಡಿಗ್ರಿ ತಿರುಗಿತ್ತು. ಮುಚ್ಚಿದ ಬಾಗಿಲು ಲಂಬಕೋನಕ್ಕೆ ಸ್ವಲ್ಪವೇ ಕಡಿಮೆ ತೆರೆದುಕೊಂಡಷ್ಟು. ಪ್ರೋಟೀನುಗಳು ಮಿಸುಕುತ್ತವೆ, ಬಳುಕುತ್ತವೆ ಎಂಬುದು ಗೊತ್ತಿದ್ದ ಸಂಗತಿಯೇ. ಆದರೆ ಒಂದು ಭಾಗ ಪೂರ್ತಿಯಾಗಿ ಹೀಗೆ ಹೊರಳುವುದು ಅಚ್ಚರಿಯ ಚಲನೆ. ಅಮೋನಿಯಾ ಸಾಗಬೇಕಾದರೆ ಈ ಹೊರಳು ಬೇಕೇಬೇಕು ಎಂಬುದನ್ನು ಅವರು ರಚನೆಯಿಂದಷ್ಟೇ ಹೇಳಲಿಲ್ಲ. ಅಮೈನೋ ಆಮ್ಲಗಳನ್ನು ಒಂದೊಂದಾಗಿ ಬದಲಿಸಿ, ಕಿಣ್ವದ ವೇಗ ಅಳೆದು ಪುರಾವೆ ಕೊಟ್ಟರು. 371ರಿಂದ 375ರವರೆಗಿನ ಸಣ್ಣ ಸುರುಳಿ, 376ರಿಂದ 401ರವರೆಗಿನ ಕುಣಿಕೆ ಇವು ತಿರುಗುವ ಹಾದಿಯಲ್ಲಿ ರೂಪ ಬದಲಿಸುತ್ತ ಒಂದೊಂದು ಹಂತಕ್ಕೆ ಚಾಲನೆ ಕೊಡುತ್ತವೆ. 374ನೆಯ ಗ್ಲುಟಮೇಟ್ ಎರಡು ಕೋಣೆಗಳ ನಡುವಿನ ಸಂದೇಶವಾಹಕ. ನೀರುಗಂಟಿ ಯಾರು ಎಂಬ ಪ್ರಶ್ನೆಗೆ ಒಂದೇ ಹೆಸರು ಹೇಳಬೇಕಾದರೆ ಈ 374ನ್ನೇ ಹೇಳಬೇಕು. ಸ್ಥಿರವಾದ ತೂಬು ಈ ಕಿಣ್ವದಲ್ಲಿ ಇಲ್ಲ. ಹೊರಳಿದಾಗ ಅದು ಉಂಟಾಗುತ್ತದೆ. 1996ರ ರಚನೆಯಲ್ಲಿ ಅದು ಕಾಣದೆ ಹೋದದ್ದಕ್ಕೆ ಇದೇ ವಿವರಣೆ. ಎರಡು ಭಾಗಗಳ ಗಡಿಯಲ್ಲಿರುವ ಸುರುಳಿಗಳ ಪಾತ್ರವನ್ನು ಇದೇ ತಂಡಗಳು 2020ರಲ್ಲಿ ಮತ್ತಷ್ಟು ವಿವರಿಸಿದವು.

ಎಲ್ಲ ಜೀವಿಗಳಲ್ಲೂ ಈ ಕೋಣೆಗಳು ಒಂದೇ ಸರಪಳಿಯಲ್ಲಿ ಇರುವುದಿಲ್ಲ. ಸಮುದ್ರತಳದ ಬಿಸಿನೀರಿನ ಬುಗ್ಗೆಯಿಂದ 1982ರಲ್ಲಿ ದೊರೆತ, 85 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹುಲುಸಾಗಿ ಬೆಳೆಯುವ ಮೆಥನೋಕಾಲ್ಡೊಕಾಕಸ್ ಜನ್ನಾಶಿಯೈ ಎಂಬ ಸೂಕ್ಷ್ಮಜೀವಿಯಲ್ಲಿ ಅವು ಎರಡು ಬೇರೆ ಪ್ರೋಟೀನುಗಳು. ಕೆಲಸದ ಹೊತ್ತಿಗೆ ಒಂದನ್ನೊಂದು ಹಿಡಿಯುತ್ತವೆ. ಇದರ ಗ್ಲುಟಮಿನ್ ಭಾಗದ ರಚನೆಯನ್ನು ಬಲರಾಂ ಅವರ ತಂಡ, ಭಾರತೀಯ ವಿಜ್ಞಾನ ಸಂಸ್ಥೆಯ ಸಿದ್ಧಾರ್ಥ ಶರ್ಮ ಅವರೊಂದಿಗೆ ಸೇರಿ ಎನ್‌ಎಂಆರ್ ವಿಧಾನದಿಂದ 2013ರಲ್ಲಿ ಬಿಡಿಸಿತು. ಸ್ಫಟಿಕ ಬೇಕಿಲ್ಲದ, ದ್ರಾವಣದಲ್ಲೇ ಪ್ರೋಟೀನನ್ನು ನೋಡುವ ವಿಧಾನ ಅದು.

ಬೇರೆ ಪಾತ್ರಗಳು

ಈ ಕಿಣ್ವಕ್ಕೆ ತನ್ನ ಕಸುಬಿನ ಆಚೆಗೂ ಒಂದು ಕೆಲಸವಿದೆ. ಹಣ್ಣುನೊಣದಲ್ಲಿ ಇದು ಯುಎಸ್‌ಪಿ7 ಎಂಬ ಪ್ರೋಟೀನನ್ನು ಹಿಡಿದು ಅದನ್ನು ಚುರುಕುಗೊಳಿಸುತ್ತದೆ ಎಂದು 2005ರಲ್ಲಿ ತಿಳಿಯಿತು. ಮನುಷ್ಯನ ಕೋಶದಲ್ಲಿ, ಕ್ಯಾನ್ಸರಿಗೆ ತಡೆಯೊಡ್ಡುವ ಪಿ53 ಪ್ರೋಟೀನಿನ ಉಳಿವಿಗೂ ಇದರ ಸಂಬಂಧ ಕಂಡುಬಂದಿದೆ.

ಸೋಂಕುಕಾರಕ ಬ್ಯಾಕ್ಟೀರಿಯಗಳಲ್ಲೂ ಇದು ಮರ್ಮಸ್ಥಾನ. ಉಣ್ಣೆಗಳಿಂದ ಹರಡುವ ಲೈಮ್ ರೋಗದ ಬೊರೇಲಿಯಾದಿಂದ ಇದರ ಜೀನನ್ನು ತೆಗೆದರೆ ಇಲಿಗೆ ಸೋಂಕು ತಗಲಿಸಲು ಅದಕ್ಕೆ ಆಗದು ಎಂದು 2009ರಲ್ಲಿ ತೋರಿಸಲಾಯಿತು. ಸೈಕೋಫ್ಯುರನಿನ್, ಡೆಕೋಯಿನಿನ್ ಎಂಬ ಸೂಕ್ಷ್ಮಜೀವಿಜನ್ಯ ಪದಾರ್ಥಗಳು ಈ ಕಿಣ್ವವನ್ನು ತಡೆಯುತ್ತವೆ, ಆದರೆ ಅವು ಪ್ರಯೋಗಾಲಯದ ಸಾಧನಗಳಾಗಿಯೇ ಉಳಿದಿವೆ. ಒಂದು ಮೆಟ್ಟಿಲು ಹಿಂದಿನ ಐಎಂಪಿ ಡಿಹೈಡ್ರೋಜಿನೇಸಿನ ಕತೆ ಬೇರೆ. ಇಟಲಿಯ ಗೋಸಿಯೊ 1893ರಲ್ಲಿ ಬೂಷ್ಟಿನಿಂದ ಕಂಡುಹಿಡಿದ ಮೈಕೋಫಿನಾಲಿಕ್ ಆಮ್ಲ ಅದನ್ನು ತಡೆಯುತ್ತದೆ. ಆ ಆಮ್ಲದಿಂದಾದ ಮೈಕೋಫಿನೊಲೇಟ್ ಮಾತ್ರೆಗೆ ಅಮೆರಿಕದಲ್ಲಿ ಅನುಮತಿ ದೊರೆತದ್ದು 1995ರಲ್ಲಿ. ಮೂತ್ರಪಿಂಡ ಕಸಿ ಮಾಡಿಸಿಕೊಂಡ ಅನೇಕರು, ಹೊಸ ಅಂಗವನ್ನು ಮೈ ತಿರಸ್ಕರಿಸದಿರಲೆಂದು ಇಂದು ದಿನವೂ ಅದನ್ನು ನುಂಗುತ್ತಾರೆ. ಬಿಳಿರಕ್ತಕಣಗಳು ಜಿಎಂಪಿಗಾಗಿ ಬುಡದಿಂದ ಕಟ್ಟುವ ದಾರಿಯನ್ನೇ ಹೆಚ್ಚು ನೆಚ್ಚಿಕೊಂಡಿರುವುದರಿಂದ ಈ ಔಷಧ ಅವುಗಳನ್ನು ಹದ್ದುಬಸ್ತಿನಲ್ಲಿಡುತ್ತದೆ.

ಅಂಗಡಿಯ ಶೆಲ್ಫಿನಲ್ಲೂ ಜಿಎಂಪಿ ಇದೆ. ದಿಢೀರ್ ನೂಡಲ್ಸ್ ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ ‘627’ ಅಥವಾ ‘635’ ಎಂಬ ರುಚಿವರ್ಧಕದ ಸಂಖ್ಯೆ ಕಂಡರೆ ಅದರೊಳಗಿರುವುದು ಗ್ವಾನಿಲೇಟ್, ಎಂದರೆ ಜಿಎಂಪಿಯ ಲವಣ. ಅದನ್ನು ಕೈಗಾರಿಕೆಯಲ್ಲಿ ತಯಾರಿಸುವ ಒಂದು ವಿಧಾನದಲ್ಲಿ ಒಂದು ಬ್ಯಾಕ್ಟೀರಿಯ ಎಕ್ಸ್‌ಎಂಪಿಯನ್ನು ಒಟ್ಟುಮಾಡುತ್ತದೆ, ಜಿಎಂಪಿ ಸಿಂಥೆಟೇಸ್ ಹೆಚ್ಚಾಗಿ ತುಂಬಿದ ಇ. ಕೋಲೈ ಅದನ್ನು ಜಿಎಂಪಿಗೆ ತಿರುಗಿಸುತ್ತದೆ. ಗೌಟ್, ಎಂದರೆ ಯೂರಿಕ್ ಆಮ್ಲದ ಹರಳುಗಳಿಂದಾಗುವ ಕೀಲುಬೇನೆ, ಇದ್ದವರು ಆ ಸಂಖ್ಯೆಗಳನ್ನು ಗಮನಿಸುವುದು ಒಳ್ಳೆಯದು.

ಮಲೇರಿಯಾ ಕಿಣ್ವವನ್ನು ತಡೆದು ಮನುಷ್ಯನ ಕಿಣ್ವವನ್ನು ಮುಟ್ಟದೆ ಬಿಡುವ ಅಣು ಸಿಗಬೇಕಾದರೆ, ಎರಡರ ಚಲನೆಯಲ್ಲಿ ಇರುವ ವ್ಯತ್ಯಾಸವನ್ನು ಹುಡುಕಬೇಕು. 85 ಡಿಗ್ರಿಯ ಹೊರಳಿನ ನಡುವೆಯೇ ಕಿಣ್ವವನ್ನು ಸಿಕ್ಕಿಸಿ ನಿಲ್ಲಿಸುವ ಅಣು ಒಂದು ಸಾಧ್ಯತೆ. ಅದಕ್ಕೆ ಬೇಕಾದ ನಕ್ಷೆ ಈಗ ಕೈಯಲ್ಲಿದೆ. ಜಿಎಂಪಿ ಸಿಂಥೆಟೇಸನ್ನೇ ಗುರಿಯಾಗಿಸಿಕೊಂಡ ಮಲೇರಿಯಾ ಔಷಧ ಇನ್ನೂ ರೋಗಿಗಳ ಬಳಕೆಗೆ ಬಂದಿಲ್ಲ.